ಟಿಕೆಟ್ ಸೀಟಿಗಾ, ತೂಕಕ್ಕಾ?

ಕೊಪ್ಪದಿಂದ ಮಾತಾಡ್ತಿದ್ದೀನಿ. ಇವತ್ತಿನ ಪ್ರಶ್ನೆ ಕೇಳಿ ಕೆಲವರಿಗೆ ನಗು ಬರುತ್ತೆ, ಕೆಲವರಿಗೆ ಸಿಟ್ಟು ಬರುತ್ತೆ. ವಿಮಾನದಲ್ಲಿ ಪ್ರಯಾಣಿಕರ ದೇಹದ ತೂಕ ನೋಡಿ ಟಿಕೆಟ್ ದರ ಹಾಕಬೇಕಾ?

ಇದು ತಮಾಷೆ ಅಲ್ಲ. 2013ರಲ್ಲಿ ಪೆಸಿಫಿಕ್ ಸಾಗರದ ದ್ವೀಪದೇಶ ಸಮೋವಾದಲ್ಲಿ ಸಮೋವಾ ಏರ್ ಅನ್ನೋ ಸಣ್ಣ ಕಂಪನಿ ಇದನ್ನ ಮಾಡಿಯೇ ತೋರಿಸ್ತು. ನೀವು ಮತ್ತು ನಿಮ್ಮ ಬ್ಯಾಗು ಸೇರಿ ಎಷ್ಟು ಕೆಜಿಯೋ ಅಷ್ಟಕ್ಕೆ ದುಡ್ಡು. ವಿಮಾನಕ್ಕೆ ಲೆಕ್ಕ ಆಗೋದು ತೂಕ, ಸೀಟಲ್ಲ ಅನ್ನೋದು ಅವರ ವಾದ.

ನಮಗ್ಯಾಕೆ ಈ ಸುದ್ದಿ ಅಂತೀರಾ? ಶಿವಮೊಗ್ಗ ಹತ್ತಿರದ ಸೋಗಾನೆಯಿಂದ 2023ರ ಆಗಸ್ಟ್ 31ಕ್ಕೆ ವಿಮಾನ ಹಾರಾಟ ಶುರುವಾಯ್ತು. ಎನ್.ಆರ್.ಪುರ, ಕೊಪ್ಪ, ಶೃಂಗೇರಿಯವರಿಗೆ ವಿಮಾನ ಈಗ ಅಷ್ಟೇನೂ ದೂರದ ಮಾತಲ್ಲ. ಬೆಂಗಳೂರಿಂದ ಅಲ್ಲಿಗೆ ಮೊದಲು ಬಂದಿದ್ದು 78 ಸೀಟಿನ ಎಟಿಆರ್ 72. ಅದನ್ನೇ ಇಟ್ಕೊಂಡು ಲೆಕ್ಕ ಹಾಕೋಣ, ಬಿಕಾಂ ಓದಿದ್ದಕ್ಕೆ ಅಷ್ಟಾದ್ರೂ ಉಪಯೋಗ ಆಗ್ಲಿ.

ತುಂಬಿದ ಎಟಿಆರ್ ಹೆಚ್ಚೆಂದರೆ 23 ಟನ್ ತೂಗುತ್ತೆ. ಒಬ್ಬರು ಇನ್ನೊಬ್ಬರಿಗಿಂತ 20 ಕೆಜಿ ಜಾಸ್ತಿ ಇದ್ದಾರೆ ಅನ್ಕೊಳ್ಳಿ. ಒಟ್ಟು ತೂಕದಲ್ಲಿ ಅದು ಶೇ. 0.1ರಷ್ಟೂ ಇಲ್ಲ. ಟಿಕೆಟ್ 3,000 ರೂಪಾಯಿ, ಅದರಲ್ಲಿ ಇಂಧನದ ಪಾಲು ಶೇ. 40 ಅಂತ ಇಟ್ಕೊಳ್ಳೋಣ. ತೂಕಕ್ಕೆ ತಕ್ಕಂತೆ ಇಂಧನ ಹಂಚಿದರೂ ಆ 20 ಕೆಜಿಗೆ ಬರೋದು 80 ರೂಪಾಯಿ ಆಸುಪಾಸು. ಆ 80 ರೂಪಾಯಿಗೋಸ್ಕರ ಕೌಂಟರ್ ಮುಂದೆ, ಸಾಲಲ್ಲಿ ನಿಂತವರೆಲ್ಲ ನೋಡ್ತಿರುವಾಗ, ಒಬ್ಬರನ್ನ ತಕ್ಕಡಿ ಮೇಲೆ ನಿಲ್ಲಿಸಬೇಕಾ?

ಹಾಗಂತ ಸಮೋವಾದವರು ದಡ್ಡರಲ್ಲ. ಅವರ ಐಲ್ಯಾಂಡರ್ ವಿಮಾನ ಹತ್ತು ಜನ ಕೂರುವಷ್ಟು ಪುಟ್ಟದು, ಪೂರ್ತಿ ತುಂಬಿದರೂ 3 ಟನ್ ಮೀರೋಹಾಗಿಲ್ಲ. ಅಲ್ಲಿ ಒಬ್ಬೊಬ್ಬರ ತೂಕವೂ ಸುರಕ್ಷತೆಯ ಪ್ರಶ್ನೆ. ದೊಡ್ಡ ವಿಮಾನಕ್ಕೂ ಸರಾಸರಿ ತೂಕ ಗೊತ್ತಿರಬೇಕು. ಅದಕ್ಕೇ 2023ರಲ್ಲಿ ಏರ್ ನ್ಯೂಜಿಲೆಂಡ್, 2024ರಲ್ಲಿ ಫಿನ್‌ಏರ್ ಪ್ರಯಾಣಿಕರ ತೂಕ ತಗೊಂಡವು. ಆದರೆ ಹೆಸರು ಬರ್ಕೊಳ್ಳಲಿಲ್ಲ, ಟಿಕೆಟ್ ದರಾನೂ ಬದಲಾಗಲಿಲ್ಲ. ಸುರಕ್ಷತೆಗೆ ತೂಗೋದು ಬೇರೆ, ದುಡ್ಡಿಗೆ ತೂಗೋದು ಬೇರೆ.

“ಬ್ಯಾಗ್ 15 ಕೆಜಿ ದಾಟಿದ್ರೆ ದುಡ್ಡು ಕೇಳ್ತಾರಲ್ಲ, ಮನುಷ್ಯರಿಗ್ಯಾಕೆ ಬೇಡ?” ಅಂತ ಕೇಳೋರಿದ್ದಾರೆ. ಇದಕ್ಕೆ ಉತ್ತರ ನಮ್ಮ ಬಸ್ಸಲ್ಲೇ ಇದೆ. ಸರ್ಕಾರಿ ಬಸ್ಸಲ್ಲಿ 30 ಕೆಜಿ ತನಕ ಲಗೇಜು ಫ್ರೀ, ಆಮೇಲೆ ದರ. ಮೂಟೆಯನ್ನ ಮನೆಯಲ್ಲಿ ಬಿಟ್ಟು ಬರಬಹುದು, ಮೈಯನ್ನ ಬಿಟ್ಟು ಬರೋಕಾಗುತ್ತಾ? ಥೈರಾಯ್ಡ್ ಇರೋರು, ಬಸುರಿ ಹೆಂಗಸರು, ಎತ್ತರಕ್ಕೆ ಬೆಳೆದ ಹುಡುಗರು, ಇವರಲ್ಲಿ ಯಾರಿಗೆ ದಂಡ ಹಾಕ್ತೀರಿ?

ಇನ್ನೂ ಒಂದು ಮಾತು. “ಯಾರಿಂದ ಎಷ್ಟು ಖರ್ಚೋ ಅವರಿಂದ ಅಷ್ಟೇ ವಸೂಲಿ” ಅನ್ನೋ ನಿಯಮ ಒಪ್ಪಿದರೆ ಮೊದಲು ಪೆಟ್ಟು ಬೀಳೋದು ನಮಗೇ. ಘಾಟಿ ರಸ್ತೆಯ ಕೊನೇ ಹಳ್ಳಿಗೆ ಎಂಟು ಜನರನ್ನ ಕೂರಿಸ್ಕೊಂಡು ಹೋಗೋ ಬಸ್ಸಿನ ತಲಾ ಖರ್ಚು ಎಷ್ಟಿರುತ್ತೆ ಹೇಳಿ? ಶಿವಮೊಗ್ಗದಿಂದ ತಿರುಪತಿ, ಹೈದರಾಬಾದ್, ಗೋವಾಕ್ಕೆ ವಿಮಾನ ಶುರುವಾಗಿದ್ದೂ ಉಡಾನ್ ಯೋಜನೆಯ ನೆರವಿನಿಂದ. ನಮ್ಮ ಖರ್ಚನ್ನ ಬೇರೆ ಯಾರೋ ಸ್ವಲ್ಪ ಹೊತ್ತಿದ್ದಾರೆ.

ಖರ್ಚು ಮಾಯವಾಗಲ್ಲ, ನಿಜ. ಅದು ಕೊಪ್ಪದವರಿಗೆ ಚೆನ್ನಾಗಿ ಗೊತ್ತು. ಶಂಕರ್ ಕಂಪನಿಯ ಬಸ್ಸುಗಳು ನಿಂತಾಗ 1991ರಲ್ಲಿ ಕಾರ್ಮಿಕರೇ ಸೇರಿ ಸಹಕಾರ ಸಾರಿಗೆ ಕಟ್ಟಿದರು. ವಿದ್ಯಾರ್ಥಿಗಳಿಗೆ ರಿಯಾಯಿತಿ ಕೊಟ್ಟರು, ಒಳಗಿನ ಊರುಗಳಿಗೂ ಬಸ್ ಓಡಿಸಿದರು. ಡೀಸೆಲ್ ಮತ್ತಿತರ ಖರ್ಚು ಏರ್ತಾ ಹೋಗಿ, ನಷ್ಟ ತಡೆಯಲಾಗದೆ 2020ರ ಫೆಬ್ರವರಿಯಲ್ಲಿ ಬಸ್ಸುಗಳು ನಿಂತವು. ಹಂಚಿಕೊಳ್ಳೋ ವ್ಯವಸ್ಥೆ ಉಳೀಬೇಕು ಅಂದ್ರೆ ಅದಕ್ಕೆ ಸರ್ಕಾರದ, ಜನರ ಬೆಂಬಲ ಬೇಕು. ಅದರ ಬದಲು ಖರ್ಚನ್ನ ಒಬ್ಬರ ಮೈಮೇಲೆ ಹಾಕೋದು ಪರಿಹಾರ ಅಲ್ಲ.

ಹಾಗಾದ್ರೆ ಸೀಟಲ್ಲಿ ಹಿಡಿಸದವರು, ಅವರ ಪಕ್ಕ ಕೂತು ಕಷ್ಟಪಡೋರು? ಆ ಕಷ್ಟ ಸುಳ್ಳಲ್ಲ. ಕೆನಡಾದಲ್ಲಿ 2009ರಿಂದ ದೇಶದೊಳಗಿನ ವಿಮಾನಗಳಲ್ಲಿ, ಸ್ಥೂಲಕಾಯದಿಂದ ಅಂಗವೈಕಲ್ಯ ಇರೋರಿಗೆ ಎರಡನೇ ಸೀಟು ಬೇಕಾದ್ರೆ ದೊಡ್ಡ ಕಂಪನಿಗಳು ಹೆಚ್ಚುವರಿ ದುಡ್ಡು ತಗೊಳ್ಳೋ ಹಾಗಿಲ್ಲ. ಒಬ್ಬ ಮನುಷ್ಯನಿಗೆ ಒಂದೇ ದರ. ನನಗೆ ಸರಿ ಅನ್ಸೋದು ಈ ದಾರಿ.

ಅಡಿಕೆಯನ್ನ ತೂಕಕ್ಕೆ ಮಾರೋಣ, ಮನುಷ್ಯರನ್ನ ಬೇಡ. ನೀವೇನಂತೀರಿ? ಒಪ್ಪದಿದ್ರೂ ಪರವಾಗಿಲ್ಲ, ವಾಯ್ಸ್ ನೋಟ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕ್ತೀನಿ. ಸಿಗೋಣ.