ಕುಮಾರರಾಮನ ಕಾವ್ಯ: ಗುಣ, ದೋಷ

ಹೊಸಪೇಟೆ, ಹಂಪೆ, ಸಂಡೂರುಗಳ ಸುತ್ತಿನ ಊರುಗಳಲ್ಲಿ ಗಂಡುಗಲಿ ಕುಮಾರರಾಮನ ಹೆಸರನ್ನರಿಯದವರು ವಿರಳ. ಕಂಪಿಲಿಯ, ಅಂದರೆ ಇಂದಿನ ಕಂಪ್ಲಿಯ, ಈ ರಾಜಕುಮಾರನ ಕಥೆಯನ್ನು 16ನೆಯ ಶತಮಾನದ ಕವಿ ನಂಜುಂಡ ‘ರಾಮನಾಥ ಚರಿತೆ’ ಎಂಬ ಸಾಂಗತ್ಯ ಕಾವ್ಯವಾಗಿ ಹಾಡಿದ್ದಾನೆ. ದಿಲ್ಲಿಗೆ ತಲೆಬಾಗದ ತರುಣನ ಕಥೆಯಾದುದರಿಂದ ಅದು ಇಂದಿಗೂ ಎಳೆಯ ಮನಸ್ಸುಗಳನ್ನು ಸೆಳೆಯಬಲ್ಲದು.

ಕಾವ್ಯದ ದೊಡ್ಡ ಗುಣ ಕಥನದ ಓಟ. ಚೆಂಡನ್ನರಸಿ ಮಲತಾಯಿ ರತ್ನಾಜಿಯ ಅರಮನೆಗೆ ಹೋದ ರಾಮ ಅವಳ ಮೋಹವನ್ನು ನಿರಾಕರಿಸುತ್ತಾನೆ. ಅವಳ ದೂರನ್ನು ನಂಬಿದ ಕಂಪಿಲರಾಯ ಮಗನ ತಲೆ ತರುವಂತೆ ಆಜ್ಞಾಪಿಸುತ್ತಾನೆ. ಮಂತ್ರಿ ಬೈಚಪ್ಪ ಬೇರೊಂದು ತಲೆಯನ್ನು ತೋರಿಸಿ, ರಾಮನನ್ನು ನೆಲಮಾಳಿಗೆಯಲ್ಲಿ ಅಡಗಿಸುತ್ತಾನೆ. ಸತ್ತನೆಂದು ಎಲ್ಲರೂ ನಂಬಿದವನು ಶತ್ರುಸೇನೆ ಮುತ್ತಿದಾಗ ಎದ್ದುಬರುವ ಘಟ್ಟ ಯಾವ ಅದ್ಭುತರಮ್ಯ ಕಾದಂಬರಿಗೂ ಕಡಮೆಯಲ್ಲ.

ದೋಷವೂ ಅಲ್ಲಿಯೇ ಇದೆ. ಪಾಪದ ಹೊರೆಯೆಲ್ಲ ರತ್ನಾಜಿಯ ತಲೆಯ ಮೇಲೆ. ವಿಚಾರಣೆಯಿಲ್ಲದೆ ದಂಡನೆ ವಿಧಿಸಿದ ಅರಸನ ತಪ್ಪು ಪುತ್ರಶೋಕದಲ್ಲಿ ಕರಗಿಹೋಗುತ್ತದೆ. ಸುಲ್ತಾನನಿಗೆ ಮಣಿಯದ ರಾಮ ತಂದೆಯ ಅನ್ಯಾಯಕ್ಕೆ ಮಣಿಯುತ್ತಾನೆ. ಆಜ್ಞೆಯನ್ನು ಮೀರುವ ಎದೆಗಾರಿಕೆ ಬೈಚಪ್ಪನದು. ನನ್ನ ದೃಷ್ಟಿಯಲ್ಲಿ ಕಾವ್ಯದ ನಿಜವಾದ ಬಂಡಾಯಗಾರ ಅವನೇ.

ಚರಿತ್ರೆಯ ಸಂಗತಿ ಇನ್ನೂ ಮಾರ್ಮಿಕವಾದುದು. ದಿಲ್ಲಿಯ ವಿರುದ್ಧ ಬಂಡೆದ್ದ ಬಹಾಉದ್ದೀನ್ ಗುರ್ಶಾಸ್ಪನಿಗೆ ಕಂಪಿಲರಾಯ ಆಶ್ರಯವಿತ್ತ. 1327ರಲ್ಲಿ ಮಹಮ್ಮದ್ ಬಿನ್ ತುಘಲಕನ ಸೇನೆ ಆ ರಾಜ್ಯವನ್ನೇ ಅಳಿಸಿತು. ಮರೆಹೊಕ್ಕ ಪರಕೀಯನಿಗಾಗಿ ಪ್ರಾಣವಿತ್ತ ಅರಸನನ್ನೇ, ಸ್ವಂತ ಮಗನ ಮಾತನ್ನು ಕೇಳದವನೆಂದು ಕಾವ್ಯ ಚಿತ್ರಿಸಿದೆ. ಈ ವೈರುಧ್ಯವನ್ನು ಕವಿ ಶೋಧಿಸಿದ್ದರೆ ಕೃತಿ ಇನ್ನೂ ಎತ್ತರಕ್ಕೇರುತ್ತಿತ್ತು.

ತರುಣರು ಇದನ್ನು ಅವಶ್ಯವಾಗಿ ಓದಬೇಕು. ರಾಮನ ಕತ್ತಿಯ ಜೊತೆಗೆ ಬೈಚಪ್ಪನ ವಿವೇಕವನ್ನೂ ಕಾಣಬೇಕು.