ಅಕ್ಕನ ಊದುಗೊಳವೆ



ಶ್ರೀನಿವಾಸಪುರದ ಕಡೆಯ ನಮ್ಮ ಹಳೆಯ ಮನೆಯಲ್ಲಿ ಒಲೆಯ ಪಕ್ಕಕ್ಕೆ ಸದಾ ಒಂದು ಬಿದಿರಿನ ಊದುಗೊಳವೆ ಇರುತ್ತಿತ್ತು. ಮಾವಿನ ಹಸಿ ಕಟ್ಟಿಗೆ ಹೊಗೆಯಾಡತೊಡಗಿದರೆ ನನ್ನ ಅಕ್ಕ ಅದನ್ನು ಹಿಡಿದು ಊದುವಳು. ಬೂದಿ ಮುಚ್ಚಿದ ಕೆಂಡ ಥಟ್ಟನೆ ಹೊತ್ತಿಕೊಳ್ಳುವುದು. ಮುಳಬಾಗಿಲು ಸೀಮೆಯ ಹಳ್ಳಿಯೊಂದಕ್ಕೆ ಸೊಸೆಯಾಗಿ ಹೋದ ಮೇಲೂ ಆಕೆ ಸುಮಾರು ಐವತ್ತು ವರ್ಷ ಹಿಪ್ಪುನೇರಳೆ ಕಡ್ಡಿ, ನೀಲಗಿರಿ ಸೊಪ್ಪು ಉರಿಸಿ ತುಂಬಿದ ಸಂಸಾರಕ್ಕೆ ಅಡುಗೆ ಮಾಡಿದಳು. ಬೀಡಿ, ಸಿಗರೇಟುಗಳ ಸೋಂಕಂತೂ ಆಕೆಗಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಆಕೆಗೆ ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರತೊಡಗಿತು. ಕೋಲಾರದ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆ. ಅಲ್ಲಿ ಸ್ಪೈರೋಮೀಟರ್ ಎಂಬ ಯಂತ್ರ. ಎದೆತುಂಬ ಉಸಿರೆಳೆದು ರಭಸದಿಂದ ಅದರೊಳಕ್ಕೆ ಊದಬೇಕು. ಮೂರು ಸಲ ಊದಿದಳು. ಗಾಳಿಯ ವೇಗ ಹೆಚ್ಚಲಿಲ್ಲ. ಪಕ್ಕದಲ್ಲಿದ್ದ ನಾನು, ಮೇಷ್ಟರಿಕೆಯ ಅಭ್ಯಾಸಬಲದಿಂದ, "ಮನಸ್ಸಿಟ್ಟು ಊದಕ್ಕಾ" ಎಂದು ಗದರಿದೆ. ಆಕೆ ಸುಧಾರಿಸಿಕೊಂಡು, "ಎಷ್ಟ್ ಊದಿದ್ರೂ ಅಷ್ಟೇ ಕಣಪ್ಪಾ" ಎಂದಳು.

ಆಮೇಲೆ ವೈದ್ಯರು ವಿವರಿಸಿದಾಗ ನಾನು ನಾಚಿದೆ. ಅಕ್ಕನ ಮಾತು ಅಕ್ಷರಶಃ ಸತ್ಯವಾಗಿತ್ತು. ನಾವು ಎದೆಯನ್ನು ಅದುಮಿ ಊದುವಾಗ ಆ ಒತ್ತಡ ಶ್ವಾಸಕೋಶದ ಗಾಳಿಚೀಲಗಳ ಮೇಲೆ ಮಾತ್ರವಲ್ಲ, ಎದೆಯೊಳಗಿನ ಗಾಳಿಯ ಕೊಳವೆಗಳ ಮೇಲೂ ಬೀಳುತ್ತದೆ. ಹೊರಟ ಗಾಳಿಯ ಒತ್ತಡ ದಾರಿಯುದ್ದಕ್ಕೂ ಕುಗ್ಗುತ್ತ, ಒಂದೆಡೆ ಕೊಳವೆಯ ಒಳಗೂ ಹೊರಗೂ ಸಮವಾಗುತ್ತದೆ. ಅದರಿಂದ ಮುಂದೆ ಹೊರಗಿನ ಒತ್ತಡವೇ ಮೇಲಾಗಿ ಕೊಳವೆ ಕಿರಿದಾಗುತ್ತದೆ. ಬಿದಿರಿನ ಊದುಗೊಳವೆ ಹಿಸುಕಿದರೆ ಬಗ್ಗದು. ಶ್ವಾಸನಾಳದ ಕವಲುಗಳು ಬಗ್ಗುತ್ತವೆ. ಬಲ ಹೆಚ್ಚಿಸಿದಷ್ಟೂ ದಾರಿ ಕಿರಿದಾಗುವುದರಿಂದ ವೇಗ ಏರುವುದಿಲ್ಲ. ಎದೆ ತುಂಬಿರುವ ಮೊದಲ ಕ್ಷಣದಲ್ಲಷ್ಟೇ ನಮ್ಮ ಪ್ರಯತ್ನಕ್ಕೆ ಬೆಲೆ. ಅನಂತರ ಮಿತಿ ಹಾಕುವುದು ಶ್ವಾಸಕೋಶದ ಹಿಗ್ಗಿ ಕುಗ್ಗುವ ಗುಣ ಮತ್ತು ಕೊಳವೆಗಳ ಅಗಲ, ಬಿಗಿತ. 1958ರಲ್ಲಿ ಅಮೆರಿಕದ ಹಯಾಟ್, ಶಿಲ್ಡರ್, ಫ್ರೈ ಎಂಬ ವಿಜ್ಞಾನಿಗಳು ಇದನ್ನು ಅಳೆದು ತೋರಿಸಿದರು. 1967ರಲ್ಲಿ ಮೀಡ್ ಮತ್ತು ಸಂಗಡಿಗರು ಆ ಸಮ ಒತ್ತಡದ ಬಿಂದುವಿನ ವಿವರಣೆ ಕೊಟ್ಟರು.

ವರ್ಷಗಟ್ಟಲೆಯ ಹೊಗೆ ಈ ಕೊಳವೆಗಳನ್ನು ಕಿರಿದುಮಾಡುತ್ತದೆ. ಅವನ್ನು ಸುತ್ತಲಿಂದ ಎಳೆದು ತೆರೆದಿಟ್ಟ ಎಳೆಗಳನ್ನೂ ಹರಿಯಬಲ್ಲದು. ಆಗ ಮಿತಿ ಇನ್ನೂ ಕೆಳಗಿಳಿಯುತ್ತದೆ. ನಮ್ಮ ಜಿಲ್ಲೆಯ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಗಣಿಯ ಕಲ್ಲುದೂಳಿನಿಂದ ಬರುವ ಸಿಲಿಕೋಸಿಸ್ ಕಾಯಿಲೆಯನ್ನು ಕಾರ್ಮಿಕರ ಪರಿಹಾರದ ಕಾನೂನು ಗುರುತಿಸಿತು. ಒಲೆಯ ಮುಂದೆ ದುಡಿದ ಹೆಣ್ಣುಮಕ್ಕಳ ಎದೆಯ ಲೆಕ್ಕವನ್ನು ಮನೆಯವರಾದ ನಾವೇ ಇಡಲಿಲ್ಲ. ಅಕ್ಕ ಬೇಯಿಸಿದ ಅನ್ನ ಉಂಡು ಓದಿದವನು ನಾನು. ಆಕೆಗೆ ಮನಸ್ಸಿಟ್ಟು ಊದು ಎಂದವನೂ ನಾನೇ.

ವೈದ್ಯರು ಔಷಧದ ಜೊತೆಗೆ ಒಂದು ಅಭ್ಯಾಸ ಕಲಿಸಿದರು: ಮೂಗಿನಿಂದ ಉಸಿರೆಳೆದು, ತುಟಿಗಳನ್ನು ಸಣ್ಣಗೆ ಕೂಡಿಸಿ, ಮೆಲ್ಲನೆ ಬಿಡುವುದು. ಹಾಗೆ ಬಿಟ್ಟರೆ ಒಳಗಿನ ಒತ್ತಡ ಉಳಿದು ಕೊಳವೆಗಳು ಬೇಗ ಮುಚ್ಚಿಕೊಳ್ಳುವುದಿಲ್ಲ. ಅಕ್ಕ ಒಂದೇ ಸಲಕ್ಕೆ ಕಲಿತಳು. ಅವು ಊದುಗೊಳವೆಗೆ ಒಡ್ಡಿ ಪಳಗಿದ ತುಟಿಗಳು. ಈಗ ಆಕೆ ಜಗಲಿಯಲ್ಲಿ ಕುಳಿತು ಹಾಗೆ ಉಸಿರು ಬಿಡುವಾಗ ನಾನು ಪಕ್ಕದಲ್ಲಿ ಸುಮ್ಮನೆ ಕುಳಿತಿರುತ್ತೇನೆ, ಅವಸರಪಡಿಸುವುದಿಲ್ಲ.