ಕಂಪ್ಯೂಟರಿನ ಧ್ವನಿ ನಿಲ್ಲದಿರಲಿ

(ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ದೃಷ್ಟಿಯಿಲ್ಲದ ವಿದ್ಯಾರ್ಥಿಗೆ ಒಂದು ಕಂಪ್ಯೂಟರ್ ಕೊಡುತ್ತೇವೆ, ಫೋಟೋ ತೆಗೆಸಿಕೊಳ್ಳುತ್ತೇವೆ. ಅಲ್ಲಿಗೆ ನಮ್ಮ ಕರ್ತವ್ಯ ಮುಗಿಯಿತೇ? ಎರಡು ವರ್ಷಗಳ ನಂತರವೂ ಆ ಕಂಪ್ಯೂಟರ್ ಮಾತನಾಡುತ್ತಿದೆಯೇ ಎಂದು ನಮ್ಮಲ್ಲಿ ಎಷ್ಟು ಮಂದಿ ವಿಚಾರಿಸಿದ್ದೇವೆ?

ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ತಂತ್ರಾಂಶವೇ ಸ್ಕ್ರೀನ್ ರೀಡರ್. ಲಿನಕ್ಸ್‌ನಲ್ಲಿ ಈ ಕೆಲಸ ಮಾಡುವುದು ಓರ್ಕಾ. 2006ರಿಂದ ಗ್ನೋಮ್‌ನ ಭಾಗವಾಗಿರುವ ಇದು ಉಬುಂಟುವಿನ ಜೊತೆಗೆ ಉಚಿತವಾಗಿಯೇ ಬರುತ್ತದೆ. ವಿಂಡೋಸ್ ಗುರುತಿನ ಕೀಲಿ, ಆಲ್ಟ್ ಮತ್ತು ಎಸ್ ಇವನ್ನು ಒಟ್ಟಿಗೆ ಒತ್ತಿದರೆ ಮಾತು ಆರಂಭವಾಗುತ್ತದೆ. ಇದಕ್ಕೆ ಧ್ವನಿ ಕೊಡುವ ಈ-ಸ್ಪೀಕ್ ಎನ್‌ಜಿ ಕನ್ನಡವನ್ನೂ ಓದುತ್ತದೆ.

ಆದರೆ ಓರ್ಕಾ ಒಂಟಿಯಾಗಿ ದುಡಿಯುವುದಿಲ್ಲ. ಪರದೆಯಲ್ಲಿ ಏನಿದೆ ಎಂಬುದನ್ನು ಬ್ರೌಸರ್ ತಿಳಿಸಿದರೆ ಮಾತ್ರ ಅದು ಓದಬಲ್ಲದು. ಬ್ರೌಸರ್ ಆಗಾಗ ಹೊಸದಾಗುತ್ತದೆ. ಓರ್ಕಾ ಹಳೆಯದಾಗಿಯೇ ಉಳಿದರೆ ಎರಡಕ್ಕೂ ಹೊಂದಾಣಿಕೆ ತಪ್ಪಬಹುದು. ಆಗ ಸ್ಕಾಲರ್‌ಶಿಪ್ ಅರ್ಜಿಯ ನಡುವೆಯೇ ಧ್ವನಿ ನಿಲ್ಲುತ್ತದೆ. ಕೊನೆಯ ದಿನವಾಗಿದ್ದರೆ ಒಂದು ವರ್ಷದ ಓದಿಗೇ ಸಂಚಕಾರ.

ಇಲ್ಲಿ ಒಂದು ಸೂಕ್ಷ್ಮವಿದೆ. ಉಬುಂಟುವಿನ ದೀರ್ಘಾವಧಿ ಆವೃತ್ತಿ ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುತ್ತದೆ. ದಿನನಿತ್ಯದ ಅಪ್‌ಡೇಟ್‌ನಲ್ಲಿ ಸಿಗುವುದು ಹೆಚ್ಚಾಗಿ ದೋಷಗಳ ತಿದ್ದುಪಡಿ ಮಾತ್ರ. ಹೊಸ ಓರ್ಕಾ ಬೇಕಾದರೆ ಸಾಮಾನ್ಯವಾಗಿ ಹೊಸ ಆವೃತ್ತಿಗೇ ಹೋಗಬೇಕು. 2020ರ ಆವೃತ್ತಿಯ ಐದು ವರ್ಷಗಳ ಸಾಮಾನ್ಯ ಬೆಂಬಲ 2025ರ ಮೇ ತಿಂಗಳಲ್ಲಿ ಮುಗಿದಿದೆ. ಆಗ ಹಂಚಿದ ಕಂಪ್ಯೂಟರುಗಳು ಯಾರ ಮನೆಯಲ್ಲಿವೆಯೋ ಹುಡುಕಿ ನೋಡಿ.

ಹಾಗೆಂದು ಅವಸರವೂ ಬೇಡ. ಪರೀಕ್ಷೆಯ ಹಿಂದಿನ ದಿನ ಏನನ್ನೂ ಬದಲಾಯಿಸಬೇಡಿ. ಹೊಸ ಆವೃತ್ತಿಯನ್ನು ಮೊದಲು ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಬಹುದು. ಓರ್ಕಾವನ್ನು ಚಾಲೂ ಮಾಡಿ, ಒಂದು ಕನ್ನಡ ಪುಟವನ್ನೂ ಒಂದು ಅರ್ಜಿ ನಮೂನೆಯನ್ನೂ ಓದಿಸಿ. ಸರಿಯಾಗಿ ಓದುತ್ತದೆಯೇ ಎಂದು ತೀರ್ಮಾನಿಸಬೇಕಾದವರು ನೀವಲ್ಲ, ಅದನ್ನು ಬಳಸುವ ವಿದ್ಯಾರ್ಥಿ. ಅವರು ಒಪ್ಪಿದ ಮೇಲೆ, ಕಡತಗಳನ್ನೆಲ್ಲ ಬೇರೆಡೆ ನಕಲು ಮಾಡಿಟ್ಟು ಮುಂದುವರಿಯಿರಿ.

ವಿದ್ಯಾರ್ಥಿ ಮಿತ್ರರೇ, ಇದಕ್ಕೆ ಬೇಕಾದದ್ದು ಹಣವಲ್ಲ, ರಜೆಯ ಒಂದು ದಿನ. ನಿಮ್ಮ ಊರಿನಲ್ಲಿ ಅಂಥ ಒಬ್ಬರಿದ್ದರೆ ಆರು ತಿಂಗಳಿಗೊಮ್ಮೆ ಅವರ ಮನೆಗೆ ಹೋಗಿ, ಪಕ್ಕದಲ್ಲಿ ಕುಳಿತು ಕೇಳಿ. ದಾನ ಕೊಟ್ಟವರ ಹೆಸರು ಕಂಪ್ಯೂಟರಿನ ಮೇಲೆ ಉಳಿಯುವುದಕ್ಕಿಂತ ಅದರ ಧ್ವನಿ ಉಳಿಯುವುದು ಮುಖ್ಯ.